ಎರಡು ಗಂಟೆಗೊಂದು ಕರೆ

ಬ್ರದರ್ ತೀರಿಕೊಂಡ ಸುದ್ದಿ ನಮ್ಮ ವಾಟ್ಸಾಪ್ ಗುಂಪಿಗೆ ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ, ಯಾರೋ ಹಾಕಿದ ಬಿರಿಯಾನಿಯ ಫೋಟೊಗೂ ಇನ್ಯಾರೋ ಕೇಳಿದ ಇಕಾಮಾ ಎಂಬ ವಾಸದ ಪರವಾನಗಿಯ ನವೀಕರಣದ ಪ್ರಶ್ನೆಗೂ ನಡುವೆ. ಉಡುಪಿಯ ಹತ್ತಿರದ ತಮ್ಮ ಮನೆಯಲ್ಲಿ, ಚಹಾ ಕುಡಿದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲವಂತೆ. ಹತ್ತು ನಿಮಿಷದಲ್ಲಿ ಕೈಮುಗಿದ ಚಿತ್ರಗಳು ಪರದೆ ತುಂಬಿದವು. ನಾನೂ ಒಂದು ಹಾಕಿದೆ. "ನೀವು ಅವರ ಜೊತೆ ಹೆಚ್ಚು ಕೆಲಸ ಮಾಡಿದವರು, ಎರಡು ಮಾತು ಬರೆಯಿರಿ" ಎಂದು ಯಾರೋ ಕೇಳಿದರು. ಬರೆದೆ: ಸರಳ ಜೀವಿ, ಶಿಸ್ತಿನ ಸಿಪಾಯಿ, ತುಂಬಲಾರದ ನಷ್ಟ. ಸತ್ತವರು ಯಾರೇ ಆಗಲಿ, ಎಲ್ಲರಿಗೂ ಹೊಂದುವ ಅಂಗಿ ಅದು. ಅವರ ಕೈಕೆಳಗೆ ಒಂದು ದಿನ ಕಳೆದವರು ಕೂಡ ಅವರನ್ನು ಸರಳ ಜೀವಿ ಎನ್ನಲಾರರು.

ನಾನು ಜಿದ್ದಾದ ಒಂದು ಸಣ್ಣ ಕಂಪೆನಿಯಲ್ಲಿ ಮೇಜಿನ ಕೆಲಸದವನು. ಹೊರದೇಶದ ಟಿವಿ ಚಾನೆಲ್ಲುಗಳಿಗೆ ಇಲ್ಲಿ ಬೇಕಾದ ಕ್ಯಾಮೆರಾ, ವರದಿಗಾರ, ಕಾರು, ಪರವಾನಗಿ ಇವನ್ನೆಲ್ಲ ಒದಗಿಸುವುದು ನಮ್ಮ ವ್ಯವಹಾರ. ಹೊರಗೆ ಹೋಗುವವರು ಬೇರೆ. ಅವರು ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಫೋನ್ ಹಿಡಿದು ಕೂರುವವನು ನಾನು. ಅಪಾಯದ ಜಾಗಕ್ಕೆ ಹೋಗುವವರಿಗೆ ಸುರಕ್ಷತೆಯ ತರಬೇತಿ ಆಗಿರದಿದ್ದರೆ ವಿಮೆ ಇಲ್ಲ ಎಂದು ಚಾನೆಲ್ಲುಗಳು ಹಟ ಹಿಡಿದಾಗ, ನಮ್ಮ ಕಂಪೆನಿಯವರು ಹುಡುಕಿ ತಂದದ್ದು ಇವರನ್ನು. ಮೊದಲು ತಾಯಿಫ್‌ನ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಆಗಿದ್ದರಂತೆ, ಆಮೇಲೆ ಜುಬೈಲ್‌ನ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿ. ಗಂಡು ನರ್ಸುಗಳನ್ನು ಆಸ್ಪತ್ರೆಯಲ್ಲಿ ಕರೆಯುವ ಹೆಸರೇ ಕೊನೆಯವರೆಗೂ ಅಂಟಿಕೊಂಡಿತು. ಸುಡಾನಿಗಳು, ಪಾಕಿಸ್ತಾನಿಗಳು, ಮಲಯಾಳಿಗಳು, ನಾವು, ಎಲ್ಲರಿಗೂ ಅವರು ಬ್ರದರ್.

ತರಬೇತಿ ನಡೆಯುತ್ತಿದ್ದದ್ದು ತಾಯಿಫ್‌ನಲ್ಲಿ, ವಾರಾಂತ್ಯಕ್ಕೆ ಕುಟುಂಬಗಳು ಬಾಡಿಗೆಗೆ ಹಿಡಿಯುವಂಥ ಎತ್ತರದ ಗೋಡೆಯ ಒಂದು ಅಂಗಳದ ಮನೆಯಲ್ಲಿ. ಮೊದಲ ದಿನ ಅವರು ನಮಗೆ ನಮಸ್ಕಾರ ಕೂಡ ಹೇಳಲಿಲ್ಲ. ಒಳಗೆ ಬಂದು ಕಿಟಕಿಗಳನ್ನು ನೋಡಿದರು, ಹಿಂದಿನ ಬಾಗಿಲ ಚಿಲಕ ಎಳೆದು ನೋಡಿದರು, ಅದು ತುಕ್ಕು ಹಿಡಿದಿದ್ದನ್ನು ಕಂಡು ಒಂದು ಚಮಚ ಅಡುಗೆ ಎಣ್ಣೆ ತರಿಸಿ ಹಾಕಿದರು. ಆಮೇಲೆ ನಮ್ಮ ಕಡೆ ತಿರುಗಿ, "ಈ ಮನೆಗೆ ಎಷ್ಟು ಬಾಗಿಲು?" ಎಂದು ಕೇಳಿದರು. ಹದಿನಾಲ್ಕು ಜನ ಪತ್ರಕರ್ತರು, ಒಬ್ಬರಿಗೂ ಗೊತ್ತಿರಲಿಲ್ಲ. "ನೋಡುದೇ ನಿಮ್ಮ ಕೆಲಸ ಅಲ್ವಾ ಮಾರಾಯ್ರೆ?" ಎಂದರು. ಮತ್ತೆ ಅದನ್ನೇ ಹಿಂದಿಯಲ್ಲಿ, ಮುರುಕು ಅರಬಿಯಲ್ಲಿ ಹೇಳಿದರು. ಮೂರೂ ಭಾಷೆಯಲ್ಲಿ ಚುಚ್ಚಿತು.

ಈ ಬಾಗಿಲು ಎಣಿಸುವ ಚಾಳಿ ಅವರನ್ನು ಎಲ್ಲೂ ಬಿಡಲಿಲ್ಲ. ಜುಬೈಲ್‌ನಲ್ಲಿ ನಮ್ಮ ಕಡೆಯವರ ಯುಗಾದಿ ಊಟಕ್ಕೆ ಒಮ್ಮೆ ಜೊತೆಯಾಗಿ ಹೋಗಿದ್ದೆವು. ಮುಖ್ಯ ಅತಿಥಿ ಎಂದು ಅವರನ್ನು ಮುಂದಿನ ಸಾಲಿನ ನಡುವೆ ಕೂರಿಸಿದರು. ಐದು ನಿಮಿಷ ಕೂತರು, ಎದ್ದು ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಗೆ ಹೋದರು. ಸಂಘದ ಕಾರ್ಯದರ್ಶಿ ಓಡಿ ಬಂದು, "ಸಾರ್, ನಿಮಗೇನಾದರೂ ಬೇಜಾರಾಯಿತಾ?" ಎಂದು ಕೇಳಿದ. "ಇಲ್ಲ. ನಿಮ್ಮ ಹೊರಗೆ ಹೋಗುವ ಬಾಗಿಲಿಗೆ ಹೋಳಿಗೆಯ ಡಬ್ಬ ಅಡ್ಡ ಇಟ್ಟಿದ್ದೀರಿ" ಎಂದರು. ಡಬ್ಬ ಸರಿಸಿದ ಮೇಲೆಯೇ ಭಾಷಣ ಮಾಡಿದ್ದು. ಭಾಷಣವೂ ಡಬ್ಬದ ಬಗ್ಗೆಯೇ ಇತ್ತು.

ಅವರ ಪಾಠದಲ್ಲಿ ಪುಸ್ತಕ ಕಡಿಮೆ. ಪ್ಲಾಸ್ಟಿಕ್ ಕೊಳವೆಯಲ್ಲಿ ಕೆಂಪು ಶರಬತ್ತು ತುಂಬಿ ಒಬ್ಬನ ತೋಳಿಗೆ ಕಟ್ಟಿ, ಅದು ಚಿಮ್ಮುವಾಗ ಇನ್ನೊಬ್ಬ ಪಟ್ಟಿ ಬಿಗಿಯಬೇಕು. ಹೊಸ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ ಒಬ್ಬ ವರದಿಗಾರ, ಪಟ್ಟಿ ಬಿಗಿಯುವ ಸರದಿ ಬಂದಾಗ, ಮೊದಲು ತನ್ನ ಅಂಗಿಯ ತೋಳನ್ನು ನಿಧಾನವಾಗಿ ಮಡಚತೊಡಗಿದ. ಬ್ರದರ್ ಕತ್ತರಿ ತಂದು ಭುಜದಿಂದ ಮೊಣಕೈವರೆಗೆ ಸರ್ರನೆ ಕತ್ತರಿಸಿದರು. ಆತ ಕೂಗಿಕೊಂಡ. "ಅಂಗಿ ಮಡಚುವಷ್ಟು ಹೊತ್ತಿಗೆ ಅವ ಸತ್ತ. ನಿಮ್ಮ ಅಂಗಿ ಚೆಂದ ಉಂಟು, ಅವನ ಹೆಂಡತಿಗೆ ಕಳಿಸಿ" ಎಂದರು. ಯುದ್ಧ ನಡೆಯುತ್ತಿದ್ದ ದಕ್ಷಿಣದ ಗಡಿಯ ಕಡೆ ಹೋಗುವವರು ಎದೆಯ ಮೇಲೆ ದೊಡ್ಡದಾಗಿ ಪ್ರೆಸ್ ಎಂದು ಬರೆದ ಗುಂಡುನಿರೋಧಕ ಜಾಕೆಟ್ ತೊಟ್ಟು ಫೋಟೊ ತೆಗೆಸಿಕೊಳ್ಳುವುದನ್ನು ಕಂಡರೆ ಅವರಿಗೆ ನಗು. "ಗುಂಡಿಗೆ ಓದ್ಲಿಕ್ಕೆ ಬರ್ತದಾ?" ಎಂದು ಕೇಳುತ್ತಿದ್ದರು. ಹೀರೋ ಆಗಲು ಹೊರಟವನ ಸುದ್ದಿಯನ್ನು ಬೇರೆಯವರು ಬರೆಯಬೇಕಾಗುತ್ತದೆ ಎಂಬುದು ಅವರ ಇನ್ನೊಂದು ಮಾತು.

ಇಷ್ಟೆಲ್ಲ ಕಲಿಸುವ ಮನುಷ್ಯನಿಗೆ ತಾಯಿಫ್‌ನಿಂದ ಇಳಿಯುವ ಘಟ್ಟದ ರಸ್ತೆ ಎಂದರೆ ಪ್ರಾಣಸಂಕಟ. ಪ್ರತಿ ತಿರುವಿನಲ್ಲೂ ಹೊಟ್ಟೆ ತೊಳಸುತ್ತಿತ್ತು. ಕೈಯಲ್ಲೊಂದು ನಿಂಬೆಹಣ್ಣು ಹಿಡಿದು, ಕಣ್ಣು ಮುಚ್ಚಿ, ಮೂಸುತ್ತ ಕೂರುತ್ತಿದ್ದರು. ರಸ್ತೆ ಬದಿಯ ಕೋತಿಗಳು ಅವರನ್ನು ನೋಡುತ್ತಿದ್ದವು. ನಾವು ನಗು ತಡೆದುಕೊಂಡಿದ್ದು ಅವರಿಗೆ ಗೊತ್ತಾಗುತ್ತಿತ್ತು. "ನಗಿ, ನಗಿ. ಹೆದರಿಕೆಯೂ ವಾಂತಿಯೂ ತಡೀಬಾರದು" ಎನ್ನುತ್ತಿದ್ದರು. ಹೊಗಳುವುದು ಮಾತ್ರ ಅವರಿಗೆ ಬರುತ್ತಿರಲಿಲ್ಲ. ಯಾರಾದರೂ ಸರಿಯಾಗಿ ಮಾಡಿದರೆ "ಹ್ಞಾಂ, ಮುಂದೆ" ಎಂದಷ್ಟೇ.

ನಮ್ಮ ದೊಡ್ಡ ಕೆಲಸ ಬರುತ್ತಿದ್ದದ್ದು ಹಜ್‌ನ ದಿನಗಳಲ್ಲಿ. ಲಕ್ಷಾಂತರ ಜನರ ನೂಕುನುಗ್ಗಲು, ಮೇಲಿನಿಂದ ಬೆಂಕಿಯಂಥ ಬಿಸಿಲು. ಯುದ್ಧಭೂಮಿಗಿಂತ ಅದನ್ನೇ ಅವರು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತಿದ್ದರು. ಅಲ್ಲಿ ಶತ್ರು ಯಾರೂ ಇಲ್ಲವಾದ್ದರಿಂದ ಯಾರೂ ಎಚ್ಚರದಿಂದ ಇರುವುದಿಲ್ಲ ಎನ್ನುತ್ತಿದ್ದರು. ಆದರೆ ಅವರೂ ನಾನೂ ಹಿಂದೂಗಳು. ಮಕ್ಕಾದ ಗಡಿ ದಾಟುವಂತಿಲ್ಲ. ಜಿದ್ದಾಕ್ಕೆ ಹೋಗುವಾಗಲೂ ಮುಸ್ಲಿಮರಲ್ಲದವರಿಗೆ ಎಂದು ಫಲಕ ಹಾಕಿದ ಸುತ್ತುದಾರಿಯಲ್ಲೇ ಹೋಗಬೇಕು. ಹೀಗೆ ತಾವು ಎಂದೂ ನೋಡದ, ನೋಡಲಾಗದ ಜಾಗದಲ್ಲಿ ಹೇಗೆ ಬದುಕಿ ಬರಬೇಕೆಂದು ಅವರು ಬೇರೆಯವರಿಗೆ ಹೇಳಿಕೊಡಬೇಕಿತ್ತು.

ಅದಕ್ಕೆ ಅವರು ಕಂಡುಕೊಂಡ ದಾರಿ ಅಂಗಳದ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದ ನಕ್ಷೆ. ಡೇರೆಗಳ ಸಾಲು, ಸೇತುವೆ, ಸುರಂಗದ ಬಾಯಿ, ನೀರಿನ ಟ್ಯಾಂಕರುಗಳು ನಿಲ್ಲುವ ಜಾಗ, ನೆರಳು ಎಷ್ಟು ಹೊತ್ತಿಗೆ ಯಾವ ಕಡೆ ಬೀಳುತ್ತದೆ ಎಂಬುದೂ ಅದರಲ್ಲಿತ್ತು. ಹೋಗಿ ಬಂದವರೆಲ್ಲ ಅದರ ಮೇಲೆ ನಡೆದು ತಿದ್ದಬೇಕು. "ಬ್ರದರ್, ಈ ಏರು ಇಷ್ಟು ಹತ್ತಿರ ಇಲ್ಲ" ಎಂದು ಯಾರಾದರೂ ಹೇಳಿದರೆ ಮಂಡಿಯೂರಿ ಕೂತು ಅಳಿಸಿ ಬರೆಯುತ್ತಿದ್ದರು. ಆ ನಕ್ಷೆಯ ಮೇಲೆ ಕಾಲಿಡುವ ಮುಂಚೆ ಅವರು ಚಪ್ಪಲಿ ಬಿಡುತ್ತಿದ್ದರು, ನಮ್ಮಿಂದಲೂ ಬಿಡಿಸುತ್ತಿದ್ದರು. ಭಕ್ತಿಯೇ ಎಂದು ನಾನೊಮ್ಮೆ ಕೇಳಿದೆ. "ಚಪ್ಪಲಿಗೆ ಚಾಕ್ ಅಳಿಸಿ ಹೋಗ್ತದೆ ಮಾರಾಯ" ಎಂದರು.

ಇನ್ನೊಂದು ನಿಯಮ ಕರೆಯದ್ದು. ಹೊರಗೆ ಹೋದವನು ಎರಡು ಗಂಟೆಗೊಮ್ಮೆ ಫೋನ್ ಮಾಡಬೇಕು. ತಾಯಿಫ್‌ನಲ್ಲಿ ಕೂತವನು ಮೂರು ಪ್ರಶ್ನೆ ಕೇಳಿ ಉತ್ತರವನ್ನು ಪಟ್ಟಿಯಲ್ಲಿ ಬರೆದುಕೊಳ್ಳಬೇಕು: ಎಲ್ಲಿದ್ದೀಯ, ಜೊತೆಗೆ ಯಾರಿದ್ದಾರೆ, ಮೂತ್ರ ಕೊನೆಯ ಸಲ ಯಾವಾಗ ಹೋಯಿತು. ಮೂರನೆಯದನ್ನು ಕೇಳಲು ನನಗೂ ನಾಚಿಕೆ, ಹೇಳಲು ಅವರಿಗೂ ನಾಚಿಕೆ. "ನೀರು ಕುಡಿದೆಯಾ ಅಂತ ಕೇಳಿದ್ರೆ ಎಲ್ಲರೂ ಹೌದು ಅಂತಾರೆ. ಮೂತ್ರ ಸುಳ್ಳು ಹೇಳುದಿಲ್ಲ" ಎಂಬುದು ಬ್ರದರ್ ಕೊಟ್ಟ ವಿವರಣೆ. ಸಂದೇಶ ಸಾಲದು, ಚಿತ್ರ ಸಾಲದು. ಕಿವಿಗೆ ದನಿ ಬೀಳಬೇಕು. ಬಿಸಿಲು ತಲೆಗೇರಿದವನ ಮಾತು ತೊದಲುವುದು ಅವನಿಗಿಂತ ಮೊದಲೇ ಕೇಳುವವನಿಗೆ ಗೊತ್ತಾಗುತ್ತದಂತೆ. ಎರಡು ಗಂಟೆಯ ಮೇಲೆ ಕಾಲು ಗಂಟೆ ಕಳೆದರೆ ಹುಡುಕಾಟ ಶುರು.

ಇಷ್ಟು ಹೇಳಿದ ಮೇಲೆ ಅಶ್ರಫನ ವಿಷಯಕ್ಕೆ ಬರಲೇಬೇಕು. ಬಂಟ್ವಾಳದ ಕಡೆಯ ಬ್ಯಾರಿ ಮುಸ್ಲಿಮ, ನಮ್ಮ ಕಂಪೆನಿಯ ಅತ್ಯುತ್ತಮ ಕ್ಯಾಮೆರಾಮನ್, ನನ್ನ ಗೆಳೆಯ. ಜಿದ್ದಾದಲ್ಲಿ ನಮ್ಮ ಮನೆಗಳು ಒಂದೇ ಬೀದಿ. ಹಾಸನದ ಗೌಡ ಎಂದು ನನ್ನನ್ನು ಅವನು ಗೌಡ್ರೇ ಎನ್ನುತ್ತಿದ್ದ, ಬಹುವಚನ ಹೆಸರಿನಲ್ಲಿ ಮಾತ್ರ. ನಾಲ್ಕು ವರ್ಷದ ಹಿಂದಿನ ಹಜ್‌ಗೆ ಒಬ್ಬ ಸುಡಾನಿ ವರದಿಗಾರನೂ ಅವನೂ ಕೆಳಗೆ ಮಕ್ಕಾಕ್ಕೆ ಹೋದರು. ತಾಯಿಫ್‌ನ ಅಂಗಳದಲ್ಲಿ ಅವರ ಕರೆ ತೆಗೆದುಕೊಳ್ಳಲು ಬ್ರದರ್ ನನ್ನನ್ನು ಕೂರಿಸಿದರು.

ಮೊದಲ ದಿನ ಎಲ್ಲ ಕ್ರಮವಾಗಿ ನಡೆಯಿತು. ಎರಡನೆಯ ದಿನ ಅಶ್ರಫ್ ಹೇಳಿದ, "ಗೌಡ್ರೇ, ಇಲ್ಲಿ ಕ್ಯಾಮೆರಾ ಇಳಿಸ್ಲಿಕ್ಕೆ ಜಾಗ ಇಲ್ಲ ಮಾರಾಯ. ನಿನ್ನ ಮೂರು ಪ್ರಶ್ನೆಯಲ್ಲಿ ನನ್ನ ಶಾಟ್ ಹೋಗ್ತದೆ. ನಾನೊಂದು ಮಿಸ್ಡ್ ಕಾಲ್ ಕೊಡ್ತೇನೆ. ಬಂತು ಅಂದ್ರೆ ನಾನು ಸರಿ ಇದ್ದೇನೆ ಅಂತ. ನೀನು ಬರ್ಕೊ." ಮಿಸ್ಡ್ ಕಾಲ್ ನಮ್ಮವರ ಹಳೆಯ ಲಿಪಿ. ಬಸ್ಸು ಇಳಿದೆ, ಊಟ ಆಯಿತು, ಕೆಳಗೆ ಬಾ, ಎಲ್ಲವನ್ನೂ ಒಂದು ರಿಂಗಿನಲ್ಲಿ ಹೇಳಿ ಬೆಳೆದವರು ನಾವು. ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ರಿಂಗ್ ಬಂದಾಗಲೆಲ್ಲ ಪಟ್ಟಿಯಲ್ಲಿ ಮೂರು ಉತ್ತರವನ್ನೂ ನಾನೇ ಬರೆದೆ. ಸ್ಥಳವನ್ನು ಹಿಂದಿನ ದಿನದ ಸಾಲಿನಿಂದ ನಕಲು ಮಾಡಿದೆ: ಸೇತುವೆಯ ಉತ್ತರ ಬದಿ.

ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ಅವನ ದನಿ ಕೇಳಿತ್ತು. ಎಂಟಕ್ಕೆ, ಹತ್ತಕ್ಕೆ, ಹನ್ನೆರಡಕ್ಕೆ ರಿಂಗ್. ಮಧ್ಯಾಹ್ನ ಎರಡಕ್ಕೆ ಅದೂ ಇಲ್ಲ. ನೆಟ್‌ವರ್ಕ್ ಕಟ್ಟಿಕೊಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಓಆರ್‌ಎಸ್ ಪೊಟ್ಟಣ ತರಲು ಪೇಟೆಗೆ ಹೋಗಿದ್ದ ಬ್ರದರ್ ಎರಡೂಕಾಲು ದಾಟಿದ ಮೇಲೆ ಬಂದರು. ನೇರ ಪಟ್ಟಿ ನೋಡಿದರು.

"ಎರಡು ಗಂಟೆಯದ್ದು ಎಲ್ಲಿ?"

"ಬಂದಿಲ್ಲ ಬ್ರದರ್. ಬರುತ್ತೆ."

"ಹನ್ನೆರಡಕ್ಕೆ ಮಾತಾಡಿದ್ದಾನಾ? ಈ ಸೇತುವೆ, ಈ ಹನ್ನೊಂದೂವರೆಗೆ ಮೂತ್ರ, ಇದು ಅವ ಹೇಳಿದ್ದಾ, ನೀನು ಬರ್ದದ್ದಾ?"

"ಅವನೇ ಹೇಳಿದ್ದು" ಎಂದೆ.

ಯಾಕೆ ಹಾಗೆಂದೆ ಎಂದು ಈ ನಾಲ್ಕು ವರ್ಷ ಬೇಕಾದಷ್ಟು ಯೋಚಿಸಿದ್ದೇನೆ. ದೊಡ್ಡ ಕಾರಣವೇನೂ ಸಿಕ್ಕಿಲ್ಲ. ಆ ಮನುಷ್ಯನ ಮುಂದೆ ಪೆದ್ದನಾಗುವುದು ಬೇಡ ಅನ್ನಿಸಿತು, ಅಷ್ಟೆ. ಇನ್ನೈದು ನಿಮಿಷದಲ್ಲಿ ಅಶ್ರಫನ ರಿಂಗ್ ಬರುತ್ತದೆ, ಎಲ್ಲ ಮುಚ್ಚಿಹೋಗುತ್ತದೆ ಎಂದುಕೊಂಡಿದ್ದೆ.

ಬ್ರದರ್ ನನ್ನ ಮಾತು ನಂಬಿದರು. ಸುದ್ದಿ ಕಳಿಸಲು ಮಾಧ್ಯಮ ಕೇಂದ್ರಕ್ಕೆ ಹೋಗಿದ್ದ ಸುಡಾನಿಗೆ ಫೋನ್ ಮಾಡಿ ಸೇತುವೆಯ ಉತ್ತರ ಬದಿಗೆ ಓಡಲು ಹೇಳಿದರು. ಆ ಜನಸಾಗರದಲ್ಲಿ ಓಡುವುದೆಂದರೆ ಏನು! ಆತ ಅಲ್ಲಿ ತಲುಪಿ, ಡೇರೆ ಡೇರೆ ಹುಡುಕಿ, ಇಲ್ಲ ಎಂದು ಹೇಳುವಷ್ಟರಲ್ಲಿ ನಲವತ್ತು ನಿಮಿಷ. ಆ ನಲವತ್ತು ನಿಮಿಷವೂ ನಾನು ಬಾಯಿ ಬಿಡಲಿಲ್ಲ. ಬ್ರದರ್ ಫೋನ್ ಇಟ್ಟು ನನ್ನ ಮುಖ ನೋಡಿದರು. ಇನ್ನೊಮ್ಮೆ ಕೇಳಿದರು, ಮೊದಲಿನ ದನಿಯಲ್ಲೇ. ಆಗ ಹೇಳಿದೆ.

ಬೈಗುಳಕ್ಕೆ ಕಾದೆ. ಬರಲಿಲ್ಲ. "ಆರು ಗಂಟೆಗೆ ಎಂತ ಹೇಳಿದ್ದ? ಅವನ ಮಾತಿನಲ್ಲೇ ಹೇಳು" ಎಂದರು. ನೆನಪು ಮಾಡಿಕೊಂಡೆ: ಮಧ್ಯಾಹ್ನ ಜನ ಸುರಂಗದಿಂದ ಹೊರಗೆ ಉಕ್ಕುವುದನ್ನು ಎತ್ತರದಿಂದ ಹಿಡಿಯಬೇಕು ಎಂದಿದ್ದ. ಬ್ರದರ್ ನಕ್ಷೆಯ ಮೇಲೆ ಹೋಗಿ ನಿಂತರು, ಚಪ್ಪಲಿಯ ಕಾಲಲ್ಲೇ. ಸುರಂಗದ ಬಾಯಿ, ಅದರ ಪಕ್ಕದ ಏರು, ಏರಿನ ಕೆಳಗೆ ಟ್ಯಾಂಕರ್ ನಿಲ್ಲುವ ಜಾಗ. "ತಲೆ ತಿರುಗಿದವ ನೆರಳು ಹುಡುಕ್ತಾನೆ. ಅಲ್ಲಿ ಈ ಹೊತ್ತಿಗೆ ನೆರಳು ಟ್ಯಾಂಕರಿನದ್ದು ಮಾತ್ರ" ಎಂದು ಸುಡಾನಿಗೆ ಹೇಳಿದರು.

ಅಶ್ರಫ್ ಸಿಕ್ಕಿದ್ದು ಅಲ್ಲೇ, ಟ್ಯಾಂಕರಿನ ಹಿಂದೆ, ಚೀಲಕ್ಕೆ ತಲೆ ಕೊಟ್ಟು ಬಿದ್ದಿದ್ದ. ಸುಸ್ತಾದ ಯಾತ್ರಿಕರು ನೆರಳು ಕಂಡಲ್ಲಿ ಮಲಗುವುದು ಅಲ್ಲಿ ಮಾಮೂಲು. ಅವನೂ ಮಲಗಿದ್ದಾನೆಂದು ಜನ ದಾಟಿಕೊಂಡು ಹೋಗಿದ್ದರು. ಮೈ ಕಾದ ಹೆಂಚು, ಬೆವರಿನ ಸುಳಿವಿಲ್ಲ. ಬ್ರದರ್ ಫೋನಿನಲ್ಲೇ ಕೆಲಸ ಮಾಡಿದರು. ಟ್ಯಾಂಕರಿನ ನಲ್ಲಿ ಬಿಡಿ, ಬಟ್ಟೆ ಕತ್ತರಿಸಿ, ಬೀಸಿ, ಕಂಕುಳಿಗೆ ಐಸ್ ಇಡಿ, ಕುತ್ತಿಗೆಗೆ ಇಡಿ, ಬಾಯಿಗೆ ನೀರು ಹಾಕಬೇಡಿ. ಆಂಬುಲೆನ್ಸ್ ಬರುವವರೆಗೂ ಅವರ ದನಿ ಏರಲಿಲ್ಲ.

ಅವನನ್ನು ಸೇರಿಸಿದ್ದು ಮಕ್ಕಾದ ಆಸ್ಪತ್ರೆಗೆ. ನಾವು ಹೋಗುವಂತಿಲ್ಲ. ಆದರೂ ಬ್ರದರ್ ಕಾರು ಹತ್ತಿದರು, ನಾನೂ ಹತ್ತಿದೆ. ಘಟ್ಟ ಇಳಿಯುವಾಗ ಅವರ ಕೈಯಲ್ಲಿ ನಿಂಬೆಹಣ್ಣು ಇರಲಿಲ್ಲ, ಎರಡು ಸಲ ಕಾರು ನಿಲ್ಲಿಸಬೇಕಾಯಿತು. ಸುತ್ತುದಾರಿ ಕವಲೊಡೆಯುವಲ್ಲಿನ ಪೆಟ್ರೋಲ್ ಬಂಕಿನಲ್ಲಿ ಸಂಜೆಯವರೆಗೆ ನಿಂತೆವು. ಅಲ್ಲಿ ನಿಂತು ಮಾಡುವುದೇನೂ ಇರಲಿಲ್ಲ. ಅಶ್ರಫನಿಗೆ ಅಷ್ಟಾದರೂ ಹತ್ತಿರ ಇರಬೇಕು ಅನ್ನಿಸಿರಬೇಕು ಅವರಿಗೆ. ನಡುವೆ ಒಮ್ಮೆ ಹೋಗಿ, ನನಗೂ ಸೇರಿಸಿ ಎರಡು ಚಹಾ ತಂದರು.

ಅಶ್ರಫ್ ಬದುಕಿದ. ಆದರೆ ಬಿಸಿಲು ಮಿದುಳಿನ ಹಿಂಭಾಗಕ್ಕೆ ಪೆಟ್ಟು ಕೊಟ್ಟಿತ್ತು. ನಡೆದರೆ ತೂರಾಟ, ಮಾತು ಎಳೆದೆಳೆದು, ಕೈಯಲ್ಲಿ ಲೋಟ ನಿಲ್ಲದು. ಅರ್ಧ ಗಂಟೆ ಮೊದಲು ತಂದಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ ಎಂದು ವೈದ್ಯರು ಸುಡಾನಿಗೆ ಹೇಳಿದ್ದರಂತೆ. ಆತ ಅದನ್ನು ನಮಗೆ ತಲುಪಿಸಿದ. ಆ ಅರ್ಧ ಗಂಟೆ ಯಾರ ಕೈಯಲ್ಲಿತ್ತು ಎಂಬುದು ಆತನಿಗೆ ಗೊತ್ತಿರಲಿಲ್ಲ.

ಬ್ರದರ್ ವರದಿ ಬರೆದರು. ಕಳಿಸುವ ಮುಂಚೆ ನನ್ನನ್ನು ಕೂರಿಸಿ ಓದಿದರು. ಸಂಪರ್ಕದಲ್ಲಿದ್ದವನು ದನಿ ಕೇಳದೆ ಉತ್ತರ ಬರೆದ, ಕೇಳಿದಾಗ ಸುಳ್ಳು ಸ್ಥಳ ಹೇಳಿದ ಎಂದು ಒಂದು ವಾಕ್ಯ. ಗೆಳೆಯರಿಬ್ಬರನ್ನು ಒಂದೇ ಫೋನಿನ ಎರಡು ತುದಿಗೆ ಕೂರಿಸಿದ್ದು ತರಬೇತುದಾರನ ತಪ್ಪು ಎಂದು ಇನ್ನೊಂದು. ಮೊದಲನೆಯದನ್ನು ಸ್ವಲ್ಪ ಮೆದು ಮಾಡಬಹುದೇ ಎಂದು ಕೇಳಿದೆ. ನಾವು ಊರಿನವರು, ಕನ್ನಡದವರಲ್ಲವೇ ಎಂದೂ ಸೇರಿಸಿದೆ, ಈಗ ನೆನೆದರೆ ಮೈ ಮುದುಡುತ್ತದೆ.

"ಎಂತ ಮೆದು ಮಾಡುದು? ಅಕ್ಕಿಯಾ ಅದು ನೆನೆ ಹಾಕ್ಲಿಕ್ಕೆ?" ಎಂದರು. ಆಮೇಲೆ ಕಾಗದ ಮಡಚುತ್ತ, "ಕಂಪೆನಿಗೆ ಹೇಳುದು ನನ್ನ ಕೆಲಸ. ಹೇಳ್ತೇನೆ. ಅಶ್ರಫನಿಗೆ ಹೇಳುದು ನಿನ್ನ ಕೆಲಸ. ಅದು ನಾನು ಮಾಡುದಿಲ್ಲ" ಎಂದರು.

ಕಂಪೆನಿ ನನಗೊಂದು ಎಚ್ಚರಿಕೆಯ ಪತ್ರ ಕೊಟ್ಟು ವರದಿಯನ್ನು ಕಡತಕ್ಕೆ ಸೇರಿಸಿತು. ಹೊರಗೆ ಯಾರಿಗೂ ತಿಳಿಯುವುದು ಅವರಿಗೂ ಬೇಕಿರಲಿಲ್ಲ.

ಮೂರು ವಾರದ ಮೇಲೆ ಅಶ್ರಫನನ್ನು ಜಿದ್ದಾದ ಆಸ್ಪತ್ರೆಗೆ ತಂದರು. ಬ್ರದರ್ ತಾಯಿಫ್‌ನಿಂದ ಬಂದರು. ಒಳಗೆ ಒಬ್ಬರೇ ಹೋಗಿ ಹತ್ತು ನಿಮಿಷ ಇದ್ದು ಹೊರಗೆ ಬಂದು, "ನನ್ನದು ಹೇಳಿ ಆಯ್ತು. ಇನ್ನು ನಿನ್ನದು" ಎಂದರು. ಒಳಗೆ ಹೋದೆ. ಅಶ್ರಫನ ಹೆಂಡತಿ ಎದ್ದು ನಿಂತು, "ಅಣ್ಣ, ನೀವು ಅಲ್ಲಿ ಕೂತದ್ದಕ್ಕೆ ಇವರು ಬದುಕಿದ್ದು. ಇಲ್ಲದಿದ್ರೆ ಯಾರಿಗೆ ಗೊತ್ತಾಗ್ತಿತ್ತು?" ಎಂದಳು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು. ಅಶ್ರಫ್ ನನ್ನ ಕೈ ಹಿಡಿದುಕೊಂಡ. ಆ ಚಹಾ ಕುಡಿದೆ. ಇನ್ನೊಂದು ದಿನ ಹೇಳಿದರಾಯಿತು ಎಂದುಕೊಂಡೆ.

ಆ ಇನ್ನೊಂದು ದಿನ ಬರಲಿಲ್ಲ. ಅಶ್ರಫ್ ಕೆಲಸ ಬಿಟ್ಟು ಕುಟುಂಬದೊಡನೆ ಬಂಟ್ವಾಳಕ್ಕೆ ಮರಳಿದ. ಪ್ರತಿ ಹಬ್ಬಕ್ಕೂ ಫೋನ್ ಮಾಡುತ್ತಿದ್ದ, ನಾನೂ ಮಾಡುತ್ತಿದ್ದೆ. ವರ್ಷಕ್ಕೊಮ್ಮೆ ತರಬೇತಿಗೆಂದು ತಾಯಿಫ್‌ಗೆ ಹೋದಾಗ ಬ್ರದರ್ ನನ್ನನ್ನು ಬದಿಗೆ ಕರೆದು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಹೇಳಿದೆಯಾ?" ಇಲ್ಲ ಎನ್ನುತ್ತಿದ್ದೆ. "ಹ್ಞಾಂ" ಎಂದು ಪಾಠಕ್ಕೆ ಹೋಗುತ್ತಿದ್ದರು. ಮೂರು ವರ್ಷ, ಮೂರು ಸಲ. ನನ್ನ ಆತ್ಮೋದ್ಧಾರಕ್ಕೆ ಇವರೇಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ಎಂದು ನನಗೆ ಒಳಗೊಳಗೇ ಸಿಟ್ಟು. ಕೊನೆಯ ವರ್ಷ ಅವರು ಕೆಲಸ ಮುಗಿಸಿ ಊರಿಗೆ ಹೊರಟಾಗ ವಿಮಾನ ನಿಲ್ದಾಣದಲ್ಲೂ ಕೇಳಿಯಾರೆಂದು ನಾನು ಬೀಳ್ಕೊಡಲು ಹೋಗಲಿಲ್ಲ. ಅದಾಗಿ ಏಳು ತಿಂಗಳಿಗೆ ಅವರು ತೀರಿಕೊಂಡದ್ದು.

ಆ ಶುಕ್ರವಾರ, ನಾನು ಬರೆದ ಎರಡು ಮಾತಿಗೆ ಎಲ್ಲರೂ ಕೈಮುಗಿದ ಮೇಲೆ, ಅಶ್ರಫನಿಂದ ಏನೂ ಬಂದಿಲ್ಲ ಎಂಬುದು ಕಣ್ಣಿಗೆ ಬಿತ್ತು. ಅವನು ಸಂದೇಶ ಓದಿದ್ದು ಕಾಣುತ್ತಿತ್ತು. ತನ್ನ ಪ್ರಾಣ ಉಳಿಸಿದ ಮನುಷ್ಯ ಹೋದರೆ ಒಂದು ಅಕ್ಷರ ಬೇಡವೇ ಎನ್ನಿಸಿತು. ಈ ಪ್ರಶ್ನೆ ಕೇಳುವ ಹಕ್ಕು ನನಗಿಲ್ಲ ಎಂದೂ ಅನ್ನಿಸಿತು. ಕೇಳುವವರು ಇನ್ನು ಯಾರೂ ಇಲ್ಲ ಎಂಬ ನಿರಾಳವೂ ಒಂದು ಕ್ಷಣ ಬಂದು ಹೋಯಿತು, ಅದನ್ನು ಮುಚ್ಚಿಡುವುದಿಲ್ಲ. ಆ ನಿರಾಳಕ್ಕೇ ನನಗೆ ಹೇಸಿಗೆಯಾಯಿತು. ಫೋನ್ ಮಾಡಿದೆ.

ಕ್ಷೇಮ ಸಮಾಚಾರ ಬಿಟ್ಟು ನೇರವಾಗಿ ಹೇಳಿದೆ. "ಅಶ್ರಫ್, ಅವತ್ತು ಬ್ರದರ್ ಕೇಳಿದಾಗ ನೀನು ಹನ್ನೆರಡಕ್ಕೆ ಮಾತಾಡಿದ್ದೆ, ಸೇತುವೆ ಹತ್ತಿರ ಇದ್ದೆ ಅಂತ ನಾನು ಸುಳ್ಳು ಹೇಳಿದೆ ಕಣೋ. ಅದಕ್ಕೇ ಅವರು ಸುಡಾನಿಯನ್ನ ಅಲ್ಲಿಗೆ ಕಳಿಸಿದ್ದು. ಆ ನಲವತ್ತು ನಿಮಿಷ ಹಾಳು ಮಾಡಿದ್ದು ನಾನು."

 ಅವನ ಮಾತು ಈಗಲೂ ಎಳೆದುಕೊಂಡು ಬರುತ್ತದೆ, ಕಾಯಬೇಕು. ಕಾದೆ.

"ಆಸ್ಪತ್ರೆಯಲ್ಲಿ... ಬ್ರದರ್ ಹೇಳಿದ್ರು. 'ನಿನ್ನನ್ನು ಹುಡುಕ್ಲಿಕ್ಕೆ ತಪ್ಪು ಜಾಗಕ್ಕೆ ಜನ ಕಳಿಸಿದ್ದು ನಾನು, ನಲವತ್ತು ನಿಮಿಷ ಹೋಯ್ತು' ಅಂತ. ಬೇರೆ ಎಂತದೂ ಹೇಳ್ಲಿಲ್ಲ. ಯಾಕೆ ಅಂತ ಕೇಳಿದೆ. 'ಅದನ್ನು ಹೇಳುದು ನನ್ನ ಕೆಲಸ ಅಲ್ಲ' ಅಂದ್ರು."

"ಹ್ಞೂಂ" ಎಂದೆ. 

"ಎಷ್ಟು ಅಹಂಕಾರ ಈ ಮನುಷ್ಯನಿಗೆ ಅಂತ ನನಗೆ ಸಿಟ್ಟು ಬಂತು ಮಾರಾಯ. ನನ್ನ ಕೈ ಹೋಯ್ತು, ಕೆಲಸ ಹೋಯ್ತು, ಇವರಿಗೆ ಕಾರಣ ಹೇಳ್ಲಿಕ್ಕೂ ಆಗುದಿಲ್ಲವಾ ಅಂತ. ರಜೆಯಲ್ಲಿ ಊರಿಗೆ ಬಂದಾಗ ಇಲ್ಲಿಗೆ ಬಂದಿದ್ರು. ಎರಡು ಸಲ. ಉಡುಪಿಯಿಂದ ಬಸ್ಸಿನಲ್ಲಿ. ನಾನು ಕೋಣೆಯಿಂದ ಹೊರಗೆ ಬರ್ಲಿಲ್ಲ. ಉಮ್ಮ ಚಾ ಕೊಟ್ಟು, ಅವನಿಗೆ ಮನಸ್ಸಿಲ್ಲ ಅಂತ ಹೇಳಿ ಕಳಿಸಿದ್ರು. ಎರಡನೇ ಸಲ ಜಗಲಿಯಲ್ಲಿ ಒಂದು ಗಂಟೆ ಕೂತಿದ್ರು. ನಾನು ಕಿಟಕಿಯಿಂದ ನೋಡ್ತಾ ಇದ್ದೆ."

 ಮೂರು ವರ್ಷ ಅವರು ಕೇಳುತ್ತಿದ್ದದ್ದು ಏನನ್ನು ಎಂಬುದು ಆಗ ನನಗೆ ಗೊತ್ತಾಯಿತು. ನನ್ನ ಸುಳ್ಳಿನ ಬಗ್ಗೆ ಒಂದು ವಾಕ್ಯ ಅವರೇ ಹೇಳಿದ್ದರೆ ಆ ಜಗಲಿಯಿಂದ ಒಳಗೆ ಹೋಗಬಹುದಿತ್ತು. ಅದು ಇನ್ನೊಬ್ಬನ ಕೆಲಸ ಎಂದುಕೊಂಡು, ಆ ವಾಕ್ಯ ಹೇಳದೆಯೇ ಎದ್ದು ಹೋಗಿದ್ದರು.

"ಗೌಡ್ರೇ" ಎಂದ ಅಶ್ರಫ್. ಅವನು ಅಳುತ್ತಿದ್ದನೋ, ಮಾತೇ ಹಾಗಾಗಿದೆಯೋ, ದನಿಯಿಂದ ನನಗೆ ತಿಳಿಯಲಿಲ್ಲ. "ನಿನಗೆ ಹೇಳ್ಲಿಕ್ಕೆ ನಾನಾದ್ರೂ ಇದ್ದೆ. ನಾನು ಈಗ ಯಾರ ಹತ್ತಿರ ಹೋಗಿ ಹೇಳುದು?"